ಬಳ್ಳಾರಿಯವರು ಸಮುದ್ರಕ್ಕೆ ಯಾವಾಗ ಹೋಗಬೇಕು?

ನಮ್ಮೂರಲ್ಲಿ ಇರೋದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಅನ್ನೋ ಹಳೇ ಜೋಕನ್ನು ಬಳ್ಳಾರಿ ಕಡೆಯ ಹುಡುಗರೆಲ್ಲ ಹಾಸ್ಟೆಲ್ಲಿನಲ್ಲಿ ಕೇಳಿಯೇ ಇರುತ್ತಾರೆ. ಇಂಥ ಊರಿನವರಿಗೆ ಮೇ ಕೊನೆಯಲ್ಲಿ ಸಮುದ್ರ ನೆನಪಾಗೋದು ಸಹಜ. ತೊಂದರೆ ಏನೆಂದರೆ ಸಮುದ್ರಕ್ಕೂ ಒಂದು ಪಂಚಾಂಗ ಇದೆ, ಅದು ನಮ್ಮ ಹೊಲದ ಪಂಚಾಂಗಕ್ಕೆ ತಾಳೆಯಾಗಲ್ಲ.

ನಮ್ಮ ಮನೆಯದೇ ಉದಾಹರಣೆ ತಗೊಳ್ಳಿ. ನಮ್ಮದು ಸಿರುಗುಪ್ಪದ ಕಡೆ ಭತ್ತದ ಗದ್ದೆ. ಎರಡನೇ ಬೆಳೆಗೆ ನೀರು ಬಿಟ್ಟ ವರ್ಷ ಏಪ್ರಿಲ್-ಮೇನಲ್ಲಿ ಕೊಯ್ಲು ಮುಗಿಯುತ್ತದೆ. ಆಮೇಲೆ ತುಂಗಭದ್ರಾ ಡ್ಯಾಮು ತುಂಬಿ ಕಾಲುವೆಗೆ ನೀರು ಬರುವವರೆಗೆ, ಅಂದರೆ ಹೆಚ್ಚುಕಡಿಮೆ ಜುಲೈವರೆಗೆ ಬಿಡುವು. ಅಮ್ಮ ಇದುವರೆಗೂ ಸಮುದ್ರ ನೋಡಿಲ್ಲ. ಇಬ್ಬರನ್ನೂ ಒಮ್ಮೆ ವಿಮಾನ ಹತ್ತಿಸಿ ಪರದೇಶದ ಕಡಲತೀರಕ್ಕೆ ಕರಕೊಂಡು ಹೋಗಬೇಕು ಅಂತ ನನ್ನ ಆಸೆ. ಅಪ್ಪನ ಷರತ್ತು ಒಂದೇ: "ಕಾಲುವಿಗೆ ನೀರು ಬಿಟ್ರಂದ್ರೆ ನಾನು ಎಲ್ಲಿಗೂ ಬರಾದಿಲ್ಲ ನೋಡಪ್ಪ." ಕುರುಗೋಡು ಕಡೆ ಎರೆಹೊಲದಲ್ಲಿ ಒಣಬೇಸಾಯ ಮಾಡೋ ನಂಟರದ್ದು ಬೇರೆ ಲೆಕ್ಕ. ಹಿಂಗಾರಿ ಜೋಳಕ್ಕೆ ಉತ್ತರೆ, ಹಸ್ತ ಮಳೆ ಕಾಯುವವರು ಅವರು. ಒಟ್ಟಿನಲ್ಲಿ ನಮಗೆ ಸಿಗೋದು ರೋಹಿಣಿ, ಮೃಗಶಿರ ಮಳೆಗಳ ದಿನಗಳು, ಅಂದರೆ ಮೇ 25ರಿಂದ ಜೂನ್ 20ರ ಆಸುಪಾಸು.

ಅರಬ್ಬೀ ಸಮುದ್ರ ಬಾಗಿಲು ಹಾಕಿಕೊಳ್ಳೋದು ಸರಿಯಾಗಿ ಇದೇ ದಿನಗಳಲ್ಲಿ! ಜೂನ್ ಮೊದಲ ವಾರ ಮುಂಗಾರು ಕೇರಳದಿಂದ ಗೋವಾದವರೆಗೆ ಹತ್ತಿಕೊಳ್ಳುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ. ಬಳ್ಳಾರಿಯಲ್ಲಿ ಕೂತವರಿಗೆ ಇದು ಅಂದಾಜಾಗಲ್ಲ, ಯಾಕೆಂದರೆ ನಮ್ಮಲ್ಲಿ ಜೂನ್ ಅಂದರೆ ಬರೀ ಗಾಳಿ. ನಿಜವಾದ ಮಳೆ ಬೀಳೋದು ಸೆಪ್ಟೆಂಬರ್ ಹೊತ್ತಿಗೆ.

ಈ ಲೆಕ್ಕಕ್ಕೆ ಸಿಕ್ಕಿ ಹೈರಾಣಾದವರಲ್ಲಿ ನನಗೆ ಗೊತ್ತಿರೋ ದೊಡ್ಡ ಹೆಸರು ಅಬ್ದುಲ್ ರಜಾಕ್. ಶಾಲೆಯಲ್ಲಿ ವಿಜಯನಗರದ ಪಾಠದಲ್ಲಿ ಎರಡು ಅಂಕಕ್ಕೆ ಬರುತ್ತಿದ್ದನಲ್ಲ, ಅವನೇ. ತೈಮೂರನ ಮಗ ಶಾರೂಖನ ರಾಯಭಾರಿ. 1442ರ ಜನವರಿಯಲ್ಲಿ ಹೆರಾತ್ ಬಿಟ್ಟು ಹೊರ್ಮುಜ್ ಬಂದರಿಗೆ ಬಂದ. ಅಲ್ಲಿನ ಅಧಿಕಾರಿಗಳು ಏನೇನೋ ನೆಪ ಹೇಳಿ ಅವನನ್ನು ತಡೆದರು. ಹಡಗು ಹೊರಡಬೇಕಾದ ಗಾಳಿಯ ಕಾಲ ಮುಗಿಯುತ್ತಾ ಬಂತು. ಕಡೆಗೂ ಹೊರಟರೆ, ಮಸ್ಕತ್ತಿನ ಹತ್ತಿರ ವ್ಯಾಪಾರಿಗಳು ಇನ್ನು ಮುಂದಕ್ಕೆ ಹೋಗೋದು ಅಪಾಯ ಅಂತ ಕೈಚೆಲ್ಲಿದರು. ಬೇಸಿಗೆ ನೆತ್ತಿಗೇರಿದ ಹೊತ್ತಲ್ಲಿ ಒಮಾನಿನ ತೀರದಲ್ಲಿ ಸಿಕ್ಕಿಬಿದ್ದ. ಅಲ್ಲಿನ ಸೆಕೆಯನ್ನು ಅವನು ಬಣ್ಣಿಸಿರೋ ರೀತಿ ಓದಿದರೆ ಉತ್ಪ್ರೇಕ್ಷೆ ಅನ್ನಿಸಬಹುದು, ಬಳ್ಳಾರಿಯವರಿಗೆ ಮಾತ್ರ ಅನ್ನಿಸಲ್ಲ :) ತಮಾಷೆ ಅಲ್ಲದ ವಿಷಯ ಏನೆಂದರೆ, ಅವನಿಗೂ ಜೊತೆಯವರಿಗೂ ಜ್ವರ ಬಂತು, ಅವನ ಅಣ್ಣ ಅಲ್ಲೇ ತೀರಿಕೊಂಡ. ಕಲ್ಲಿಕೋಟೆ ಮುಟ್ಟುವಾಗ ನವೆಂಬರ್ ಬಂದಿತ್ತು. ಮರುವರ್ಷ ಏಪ್ರಿಲ್ ಕೊನೆಗೆ, ಮಂಗಳೂರಿನ ಮೇಲೆ ಹಾದು, ಎರಡನೇ ದೇವರಾಯನ ವಿಜಯನಗರಕ್ಕೆ ಬಂದ. ಮಹಾನವಮಿ ನೋಡಿದ. ವಾಪಸ್ಸು ಹೋಗುವಾಗ ಕಾಲ ನೋಡಿಯೇ ಹೊರಟಂತಿದೆ: 1444ರ ಜನವರಿ ಕೊನೆಗೆ ಹೊನ್ನಾವರದಿಂದ ಹಡಗು ಹತ್ತಿದ. ಅದು ನಮ್ಮ ಕಡೆಯಿಂದ ಅರಬಸ್ತಾನದ ದಿಕ್ಕಿಗೆ ಗಾಳಿ ಬೀಸುವ ಕಾಲ.

ಒಬ್ಬ ಪ್ರವಾಸಿಗೇ ಹೀಗಾದರೆ, ಒಂದು ಸಾಮ್ರಾಜ್ಯದ ಕುದುರೆಗಳ ಗತಿ ಯೋಚನೆ ಮಾಡಿ. ಭಟ್ಕಳ, ಹೊನ್ನಾವರ, ಗೋವಾ, ಯಾವ ಬಂದರಿಗೆ ಬಂದರೂ ಕುದುರೆ ಹಡಗು ಬರಬೇಕಾದದ್ದು ಮಳೆಗಾಲ ಬಿಟ್ಟು. ಹಂಪಿಯ ಬಗ್ಗೆ ಬರೆದ ನ್ಯೂನಿಜ್ ಕೂಡ ಕುದುರೆ ವ್ಯಾಪಾರಿಯೇ.

ಇನ್ನು ಪರದೇಶದ ಮಾತು. 1510ರಿಂದ 1961ರ ಡಿಸೆಂಬರ್ 19ರವರೆಗೆ ಬಳ್ಳಾರಿಯವರಿಗೆ ಅತಿ ಹತ್ತಿರದ ಪರದೇಶದ ಬೀಚು ಗೋವಾ. 1880ರ ದಶಕ ಮುಗಿಯುವಷ್ಟರಲ್ಲಿ ಬಳ್ಳಾರಿ, ಹೊಸಪೇಟೆ, ಗದಗ, ಹುಬ್ಬಳ್ಳಿ, ಲೋಂಡಾ ಮೇಲೆ ಮರ್ಮಗೋವಾದವರೆಗೂ ಮೀಟರ್ ಗೇಜ್ ಹಳಿ ಬಂದಿತ್ತು. ಕ್ಯಾಸಲ್ ರಾಕ್ ದಾಟಿ ಘಟ್ಟ ಇಳಿದರೆ ಪೋರ್ಚುಗೀಸರ ರಾಜ್ಯ! ಆದರೆ ಆ ಹಳಿ ಹಾಕಿದ್ದು ನಮ್ಮನ್ನು ಮರಳಿನ ಮೇಲೆ ಕೂರಿಸೋದಕ್ಕಲ್ಲ, ಒಳನಾಡಿನ ಸರಕನ್ನು ಬಂದರಿಗೆ ಸಾಗಿಸೋದಕ್ಕೆ. ಬಳ್ಳಾರಿ ದಂಡಿನ ಬ್ರಿಟಿಷ್ ಸೈನಿಕರಂತೂ ಸೆಕೆ ತಪ್ಪಿಸಿಕೊಳ್ಳೋಕೆ ಕಡಲಿನ ಕಡೆ ಹೋಗದೆ ಸಂಡೂರಿನ ರಾಮನದುರ್ಗದ ಗುಡ್ಡ ಹತ್ತಿದರು.

ಹಾಗಾದರೆ ಜೂನ್‌ನಲ್ಲಿ ಎಲ್ಲಿಗೆ? ಎಲ್ಲರೂ ಹೇಳೋದು ಥಾಯ್ಲೆಂಡ್, ಆದರೆ ಫುಕೆಟ್ ಇರುವ ಪಶ್ಚಿಮ ತೀರಕ್ಕೂ ಬಡಿಯೋದು ಇದೇ ನೈಋತ್ಯ ಮುಂಗಾರು. ನಾನು ಆರಿಸಿಕೊಂಡದ್ದು ಶ್ರೀಲಂಕಾದ ಪೂರ್ವ ತೀರ, ತ್ರಿಂಕೋಮಲಿ. ಕಾರಣ ನಮಗೆ ಚೆನ್ನಾಗಿ ಗೊತ್ತಿರೋದೇ. ಸಹ್ಯಾದ್ರಿ ಮೋಡ ಹಿಂಡಿಕೊಂಡು ಬಳ್ಳಾರಿಯನ್ನು ಒಣಗಿಸುವ ಹಾಗೆ, ಅಲ್ಲಿ ನಡುವಿನ ಬೆಟ್ಟಗಳು ಮುಂಗಾರನ್ನು ಕೊಲಂಬೋ ಕಡೆಗೇ ಇಳಿಸಿಬಿಡುತ್ತವೆ. ಮೇನಿಂದ ಸೆಪ್ಟೆಂಬರ್‌ವರೆಗೆ ಪೂರ್ವದ ಕಡಲು ಬಹುಮಟ್ಟಿಗೆ ಶಾಂತ. ನವೆಂಬರ್, ಡಿಸೆಂಬರ್‌ನಲ್ಲಿ ಹೋದರೆ ಮಾತ್ರ ಹಿಂಗಾರು ಮಳೆಗೆ ಸಿಕ್ಕಿಕೊಳ್ಳುತ್ತೀರಿ. ಕುರುಗೋಡಿನವರು ಜೋಳ ಬಿತ್ತಿದ ಮೇಲೆ ಬರ್ತೀವಿ ಅಂದರೆ ಅವರಿಗೆ ಈ ತೀರ ಆಗಿಬರಲ್ಲ. ಅವರು ಗೋವಾಕ್ಕೋ ಗೋಕರ್ಣಕ್ಕೋ ಹೋಗಬೇಕು. ನಾವು ಮೃಗಶಿರ ಹುಟ್ಟಿದ ಮೇಲೆ ಹೊರಟು, ಆರಿದ್ರ ಹುಟ್ಟುವುದರೊಳಗೆ ಸಿರುಗುಪ್ಪ ಸೇರುತ್ತೇವೆ. ಡ್ಯಾಮಿನ ನೀರಿನ ಮಟ್ಟವನ್ನು ಅಪ್ಪ ಅಲ್ಲಿಂದಲೇ ಮೊಬೈಲಿನಲ್ಲಿ ನೋಡಿಕೊಳ್ಳಬಹುದು.