ಕುಣಿಗಲ್ ಟ್ರಂಕ್‌ನ ಹನ್ನೊಂದು ಹಾಳೆಗಳು

ಈ ಕಂತು ಶುರುವಾಗೋದು ಕುಣಿಗಲ್‌ನ ಒಂದು ಕಬ್ಬಿಣದ ಟ್ರಂಕ್‌ನಿಂದ. ನಮ್ಮಮ್ಮನ ದೊಡ್ಡಪ್ಪ ಗುಬ್ಬಿಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕ್ ತೆಗೆದರೆ ಹನ್ನೊಂದು ಜಲವರ್ಣದ ಹಾಳೆಗಳು. ಮರ ಇಲ್ಲ, ಮನೆ ಇಲ್ಲ, ದೇವರೂ ಇಲ್ಲ. ನೀಲಿಯೊಳಗೆ ಕರಗಿದ ಕೆಮ್ಮಣ್ಣಿನ ಬಣ್ಣ, ಅಷ್ಟೆ. ಸಹಿಯೂ ಇಲ್ಲ. ಹಳೇ ಪೇಪರ್ ಜೊತೆ ತೂಕಕ್ಕೆ ಹೋಗೋದರಲ್ಲಿತ್ತು, ತಡೆದೆ.

ತುಮಕೂರಿಗೆ ತಂದು, ಫೋಟೊ ತೆಗೆದು, ಒಬ್ಬ ಚಿತ್ರ ವ್ಯಾಪಾರಿಗೆ ಕಳಿಸಿದೆ. ಅವರು ಕೇಳಿದ್ದು ಒಂದೇ: "ಯಾರದ್ದು ಅಂತ ಹೇಳೋಣ?" ದೊಡ್ಡ ಹೆಸರು ಅಂಟಿಸಿದರೆ ಲಕ್ಷ, ಇಲ್ಲದಿದ್ದರೆ ಫ್ರೇಮಿನ ದುಡ್ಡೂ ಹುಟ್ಟಲ್ಲ ಅಂದರು. ಅಜ್ಜಿ ಮನೆ ಹೆಂಚು ಸೋರ್ತಿದೆ. ಸುಳ್ಳು ಯಾಕೆ ಹೇಳಲಿ, ಒಂದು ರಾತ್ರಿ ನಾನೂ ಯೋಚನೆ ಮಾಡಿದೆ.

ಈ ಲಕ್ಷದ ಮಾತಿಗೆ ಒಂದು ಇತಿಹಾಸ ಇದೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರ್ ಓದಿದ್ದು, ಪಾಠ ಮಾಡಿದ್ದು ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ. ಅದೇ ಶಾಲೆಯಿಂದ 1948ರಲ್ಲಿ ಹೊರಬಂದವರು ವಿ.ಎಸ್. ಗಾಯತೊಂಡೆ. 1950ರ ದಶಕದಲ್ಲಿ ಪಾಲ್ ಕ್ಲೇ ಪ್ರಭಾವದಲ್ಲಿ ಕಾಗದದ ಮೇಲೆ ಜಲವರ್ಣ ಮಾಡುತ್ತಾ ಮಾಡುತ್ತಾ ಅಮೂರ್ತದ ಕಡೆ ಹೊರಳಿದರು. 2001ರಲ್ಲಿ ತೀರಿಕೊಂಡರು. 2013ರ ಡಿಸೆಂಬರ್‌ನಲ್ಲಿ ಅವರ ಒಂದು ತೈಲವರ್ಣ ಮುಂಬೈ ಹರಾಜಿನಲ್ಲಿ 23.7 ಕೋಟಿಗೆ ಹೋಯಿತು! ತೈಲ ಕೈಗೆಟುಕದವರು ಕಾಗದದ ಕೃತಿಗಳನ್ನು ಹುಡುಕೋದು ಸಹಜ ತಾನೆ.

ನಮ್ಮ ಕಡೆ ಉಳಿದದ್ದು ಬೇರೆ ಥರ. ವೆಂಕಟಪ್ಪನವರ ಊಟಿ, ರುಮಾಲೆ ಚೆನ್ನಬಸವಯ್ಯನವರ ಹೂಬಿಟ್ಟ ಮರಗಳು. ನೋಡಿದ ತಕ್ಷಣ ಇಂಥದ್ದು ಅಂತ ಗೊತ್ತಾಗುತ್ತೆ, ಹಾಗಾಗಿ ಜನ ಜೋಪಾನ ಮಾಡಿದರು. ಏನೂ ಕಾಣದ ಹಾಳೆಯನ್ನು ಯಾರು ಇಟ್ಟುಕೊಳ್ತಾರೆ? ಜಲವರ್ಣದಲ್ಲಿ ಬಿಳಿ ಅಂದರೆ ಕಾಗದವೇ. ಕಾಗದ ಹಳದಿಯಾದರೆ ಚಿತ್ರದ ಬೆಳಕೇ ಹೋಯಿತು.

ನಾನು ಬಿ.ಕಾಂ. ಓದಿದವನು, ಕಾಯ್ದೆ ನೋಡದೆ ಬಿಡಲ್ಲ. 2008ರ ಏಪ್ರಿಲ್ 1ರವರೆಗೆ ಮನೆಯಲ್ಲಿ ತೂಗುಹಾಕಿದ ಚಿತ್ರ ಆದಾಯ ತೆರಿಗೆ ಲೆಕ್ಕದಲ್ಲಿ ಪಾತ್ರೆ-ಪಗಡಿ ಇದ್ದಂತೆ, ಸ್ವಂತ ಬಳಕೆಯ ವಸ್ತು. ಆಮೇಲೆ ಅದು ಬಂಡವಾಳ ಆಸ್ತಿ. ಮಾರಿ ಬಂದ ಲಾಭಕ್ಕೆ ತೆರಿಗೆ, ಹಾಗಾಗಿ ಕೊಂಡ ಬಿಲ್ ಬೇಕು. ಇನ್ನೊಂದು, ನನಗೆ ಮುಖ್ಯ ಅನ್ನಿಸಿದ್ದು: ಕಾಪಿರೈಟ್ ಕಾಯ್ದೆಯ 53ಎ ಕಲಂ. ಮೂಲಚಿತ್ರ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಕಲಾವಿದರಿಗೆ ಅಥವಾ ವಾರಸುದಾರರಿಗೆ ಅದರಲ್ಲಿ ಪಾಲು ಕೇಳೋ ಹಕ್ಕಿದೆ, ಗರಿಷ್ಠ ಶೇ. 10. ಬೇರೆಯವರ ಹೆಸರು ಅಂಟಿಸಿದ ದಿನ ಅಜ್ಜಿಯ ಆ ಹಕ್ಕೂ ಹೋಯಿತು, ತಾತನೂ ಹೋದರು.

ಕಳೆದ ಭಾನುವಾರ ಹಾಳೆಗಳನ್ನು ತಗೊಂಡು ವಾಪಸ್ ಕುಣಿಗಲ್‌ಗೆ ಹೋದೆ. ಅಜ್ಜಿಗೆ ಎಂಬತ್ತಾರು ವರ್ಷ. ಮೊದಲನೇ ಹಾಳೆ ಹಿಡಿದೆ.

"ಇದೇನಜ್ಜಿ?"

"ಕೆರೆ ಕೋಡಿ ಬಿದ್ದಿತ್ತು ಕಣೋ. ಬೆಳಗಾಗೆದ್ದು ನೋಡ್ಕೊಂಡು ಬಂದು ಬರೆದ್ರು. ನಾನು ಬೈದೆ, ಅಕ್ಕಿ ತರೋ ದುಡ್ಡಲ್ಲಿ ಕಾಗದ ತಂದಿದ್ರು."

ಫೋನ್‌ನಲ್ಲಿ ರೆಕಾರ್ಡ್ ಹಾಕಿದೆ. ಹಾಳೆಯ ಹಿಂದೆ, ಅಂಚಿನಲ್ಲಿ, ಮೆತ್ತನೆ ಪೆನ್ಸಿಲ್‌ನಲ್ಲಿ ತಾತನ ಹೆಸರು ಬರೆದೆ. ಎರಡನೇ ಹಾಳೆ ತೆಗೆಯೋಷ್ಟರಲ್ಲಿ ಅಜ್ಜಿ, "ಹೆಂಚಿನವನಿಗೆ ಫೋನ್ ಮಾಡಿದ್ಯಾ?" ಅಂದರು.