ದುಃಖವೂ ಬಾಳಿನ ಅರ್ಥವೂ: ಗುಜರಾತಿನ ಮೂರು ನಗರಗಳ ಸಾಕ್ಷ್ಯ

ಬಾಳಿಗೆ ಅರ್ಥವುಂಟೇ ಎಂಬ ಪ್ರಶ್ನೆಗೆ ಉತ್ತರವನ್ನು ದರ್ಶನಗ್ರಂಥಗಳಲ್ಲಿ ಅರಸುವುದು ನಮ್ಮಲ್ಲಿ ರೂಢಿ. ಆದರೆ ಚರಿತ್ರೆಯೂ ಈ ವಿಷಯದಲ್ಲಿ ಸಾಕ್ಷ್ಯ ನುಡಿಯಬಲ್ಲದು. ಯಂತ್ರಯುಗವು ಮನುಷ್ಯನನ್ನು ಊರುಕೇರಿಗಳಿಂದ ಕಿತ್ತು ನಗರಕ್ಕೆ ತಂದು ನಿಲ್ಲಿಸಿದಾಗ, ಅಪರಿಚಿತನ ನೋವಿಗೆ ಹೊಣೆಗಾರರು ಯಾರೆಂಬ ಪ್ರಶ್ನೆ ಹೊಸ ರೂಪದಲ್ಲಿ ತಲೆಯೆತ್ತಿತು. ಗುಜರಾತಿನ ಬರೋಡ, ಅಹಮದಾಬಾದು, ಸೂರತ್ತು ಎಂಬ ಮೂರು ನಗರಗಳಲ್ಲಿ ನಡೆದ ಮೂರು ಪ್ರಸಂಗಗಳು ಈ ದೃಷ್ಟಿಯಿಂದ ವಿಚಾರಾರ್ಹವಾಗಿವೆ. ಅವುಗಳಲ್ಲಿ ಮೊದಲಿನೆರಡು ಕೆಲವೇ ತಿಂಗಳುಗಳ ಅಂತರದಲ್ಲಿ ನಡೆದಂಥವು.

ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೆರಿಕೆಗೆ ತೆರಳಿದ ಭೀಮರಾವ್ ಅಂಬೇಡ್ಕರರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿಯೂ ಆನಂತರ ಲಂಡನ್ನಿನಲ್ಲಿಯೂ ವ್ಯಾಸಂಗ ಮಾಡಿ, ಒಪ್ಪಂದದಂತೆ ಸಂಸ್ಥಾನದ ಸೇವೆಗಾಗಿ 1917ರ ಸೆಪ್ಟೆಂಬರಿನಲ್ಲಿ ಬರೋಡೆಗೆ ಬಂದರು. ಅಸ್ಪೃಶ್ಯರೆಂಬ ಕಾರಣದಿಂದ ಅವರಿಗೆ ಹಿಂದೂ ವಸತಿಗೃಹಗಳ ಬಾಗಿಲು ತೆರೆಯುವಂತಿರಲಿಲ್ಲ. ಪಾರಸಿಗಳ ಛತ್ರವೊಂದರಲ್ಲಿ, ಪಾರಸಿ ಹೆಸರೊಂದನ್ನು ಬರೆಯಿಸಿ, ಹಳೆಯ ಸಾಮಾನುಗಳು ತುಂಬಿದ ಮಹಡಿಯಲ್ಲಿ ಅವರು ಏಕಾಂಗಿಯಾಗಿ ರಾತ್ರಿಗಳನ್ನು ಕಳೆದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪೊಂದು ಬಂದು, ಸಂಜೆಯೊಳಗೆ ಜಾಗ ಬಿಡಬೇಕೆಂದು ವಿಧಿಸಿತು. ಒಬ್ಬ ಹಿಂದೂ ಮಿತ್ರನನ್ನೂ ಒಬ್ಬ ಕ್ರೈಸ್ತ ಮಿತ್ರನನ್ನೂ ಆಶ್ರಯ ಕೇಳಿದ್ದಾಯಿತು. ಒಬ್ಬನಿಗೆ ಮನೆಯಾಳುಗಳು ಬಿಟ್ಟುಹೋಗುವರೆಂಬ ಅಳುಕು. ಇನ್ನೊಬ್ಬನಿಗೆ ಮಡದಿಯನ್ನು ಕೇಳಬೇಕೆಂಬ ನೆಪ. ರಾತ್ರಿಯ ಮುಂಬಯಿ ರೈಲನ್ನು ಕಾಯುತ್ತ ಅವರು ಕಮಾಟಿಬಾಗಿನ ಉದ್ಯಾನದಲ್ಲಿ ಕುಳಿತರು. ಅಲ್ಲಿಯ ಆಲದ ಮರದಡಿಯಲ್ಲಿ, ತಮ್ಮ ಜನರ ವಿಮೋಚನೆಗಾಗಿ ಬಾಳನ್ನು ಮುಡಿಪಾಗಿಡುವ ಸಂಕಲ್ಪವನ್ನು ಅವರು ತಳೆದರೆಂದು ಪ್ರತೀತಿ. ಆ ಸ್ಥಳಕ್ಕೆ ಇಂದು ‘ಸಂಕಲ್ಪಭೂಮಿ’ಯೆಂದೇ ಹೆಸರು.

ಇದೇ 1917ರ ಮಳೆಗಾಲದಲ್ಲಿ ಅಹಮದಾಬಾದಿಗೆ ಪ್ಲೇಗು ತಗುಲಿತ್ತು. ಕಾರ್ಮಿಕರು ಊರುಬಿಟ್ಟು ಓಡದಂತೆ ಗಿರಣಿಯ ಮಾಲೀಕರು ನೇಕಾರರಿಗೆ ಭಾರಿ ಪ್ಲೇಗು ಭತ್ಯೆಯನ್ನು ಕೊಟ್ಟರು. ರೋಗವಿಳಿದ ಮೇಲೆ ಅದನ್ನು ನಿಲ್ಲಿಸಹೊರಟರು. ಯುದ್ಧಕಾಲದ ತುಟ್ಟಿಯಾದರೋ ಇಳಿದಿರಲಿಲ್ಲ. ಕಾರ್ಮಿಕರು ಶೇಕಡ 50ರಷ್ಟು ಹೆಚ್ಚಳ ಬೇಡಿದರು. ಗಾಂಧೀಜಿಯವರು ಲೆಕ್ಕ ಪರಿಶೀಲಿಸಿ ಅದನ್ನು 35ಕ್ಕೆ ಇಳಿಸಿದರು. ಮಾಲೀಕರು 20ಕ್ಕಿಂತ ಮೇಲೇರಲಿಲ್ಲ. 1918ರ ಫೆಬ್ರವರಿ 22ರಂದು ಗಿರಣಿಗಳು ನೇಕಾರರಿಗೆ ಬಾಗಿಲು ಮುಚ್ಚಿದುವು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ; ಕಾರ್ಮಿಕರ ಪಕ್ಷದಲ್ಲಿ ನಿಂತವರು ಅವರ ಸ್ವಂತ ಅಕ್ಕ ಅನಸೂಯಾಬೆನ್.

ದಿನದಿನವೂ ಸಂಜೆ ಸಾಬರಮತಿಯ ದಂಡೆಯ ಜಾಲಿಯ ಮರದಡಿಯಲ್ಲಿ ಸಾವಿರಾರು ಕಾರ್ಮಿಕರು ಸೇರುತ್ತಿದ್ದರು. ಹಸಿವು ಬಲಿತಂತೆ ಪ್ರತಿಜ್ಞೆ ಸಡಿಲಿತು. ಗಾಂಧೀಜಿಗೂ ಅನಸೂಯಾಬೆನ್ನರಿಗೂ ಓಡಾಡಲು ಮೋಟಾರು, ಉಣ್ಣಲು ಅನ್ನ ಉಂಟು, ಸಾಯುವವರು ನಾವಷ್ಟೆ ಎಂಬ ಕಹಿಮಾತು ಚಾಳವೊಂದರಿಂದ ಕೇಳಿಬಂದಿತು. ಮಾತು ನ್ಯಾಯವಾಗಿಯೇ ಇದ್ದಿತು. ಮಾರ್ಚ್ 15ರಂದು ಗಾಂಧೀಜಿ ಉಪವಾಸ ಕೈಗೊಂಡರು. ಕೆಲಸವಿಲ್ಲದವರಿಗೆ ಆಶ್ರಮದ ನೇಯ್ಗೆಶಾಲೆಯ ತಳಪಾಯಕ್ಕೆ ಮರಳು ಹೊರುವ ಕೂಲಿಯನ್ನು ಕಲ್ಪಿಸಲಾಯಿತು. ಮೊದಲ ಬುಟ್ಟಿಗಳನ್ನು ಹೊತ್ತವರಲ್ಲಿ ಅನಸೂಯಾಬೆನ್ನರೂ ಒಬ್ಬರು. 18ರಂದು ರಾಜಿಯಾಗಿ, ವಿವಾದವು ಪಂಚರಾದ ಆನಂದಶಂಕರ ಧ್ರುವರಿಗೆ ಒಪ್ಪಿಸಲ್ಪಟ್ಟಿತು. ಅವರು ಅದೇ ವರ್ಷ ಶೇಕಡ 35ನ್ನೇ ಎತ್ತಿಹಿಡಿದರು. ತಮ್ಮ ಉಪವಾಸವು ಸ್ನೇಹಿತರಾದ ಮಾಲೀಕರ ಮೇಲೆ ಒತ್ತಡವಾಗಿ ಪರಿಣಮಿಸಿತೆಂಬ ದೋಷವನ್ನು ಗಾಂಧೀಜಿ ತಾವೇ ಒಪ್ಪಿಕೊಂಡರು. 1920ರಲ್ಲಿ ಮಜೂರ್ ಮಹಾಜನ ಸಂಘವು ಸ್ಥಾಪಿತವಾಯಿತು.

ಈ ಎರಡು ಪ್ರಸಂಗಗಳನ್ನು ಒತ್ತಟ್ಟಿಗಿಟ್ಟು ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಜಾಲಿಯ ಮರದಡಿಯಲ್ಲಿ ಹಸಿವು ಸಾವಿರಾರು ಜನರಿಗೆ ಸಮವಾಗಿದ್ದುದರಿಂದಲೂ, ಹಸಿಯಬೇಕಾಗಿಲ್ಲದವರು ಅದರಲ್ಲಿ ಪಾಲು ಕೇಳಿದುದರಿಂದಲೂ ಅದಕ್ಕೆ ಅರ್ಥ ಕೂಡಿತು. ಕಮಾಟಿಬಾಗಿನಲ್ಲಿ ಕುಳಿತವರ ನೋವಿನಲ್ಲಿ ಪಾಲುಗೊಳ್ಳಲು ನಗರದಲ್ಲಿ ಒಬ್ಬರೂ ಇರಲಿಲ್ಲ. ದುಃಖವೇ ಅಂಬೇಡ್ಕರರನ್ನು ಮಹಾಪುರುಷರನ್ನಾಗಿಸಿತೆಂದು ಹೇಳುವುದು ಸುಲಭ, ಆದರೆ ಸರಿಯಲ್ಲ. ಅಂಥ ದುಃಖವನ್ನುಂಡು ಹೆಸರಿಲ್ಲದೆ ಅಳಿದವರಿಗೆ ಲೆಕ್ಕವಿಲ್ಲ. ತಮಗೆ ದೊರೆಯದ ಆಸರೆಯನ್ನು ಇತರರಿಗೆ ದೊರಕಿಸಲು ಅವರು ದುಡಿದರು. ಅರ್ಥ ಹುಟ್ಟಿದ್ದು ಆ ದುಡಿಮೆಯಲ್ಲಿ. ಅವರ ಮರಣಾನಂತರ 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಆತನ ಧಮ್ಮ’ ಗ್ರಂಥವೂ ದುಃಖವನ್ನು ಗುರುತಿಸಿ ನೀಗಿಸುವುದೇ ಧರ್ಮದ ತಳಹದಿಯೆಂದು ಪ್ರತಿಪಾದಿಸುತ್ತದೆ.

ಇಂಥ ಬಂಧ ಒಮ್ಮೆ ಬೆಸೆದೊಡನೆ ಶಾಶ್ವತವಾಗುವುದಿಲ್ಲ ಎಂಬುದನ್ನೂ ಮರೆಯಲಾಗದು. 1980ರ ಮತ್ತು 1990ರ ದಶಕಗಳಲ್ಲಿ ಅಹಮದಾಬಾದಿನ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ, ಕೆಲಸದೊಡನೆ ಕಾರ್ಮಿಕರ ನೆರೆಹೊರೆಯ ಒಗ್ಗಟ್ಟೂ ಕುಸಿಯಿತು. 1994ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಪ್ಲೇಗಿನ ಸುದ್ದಿ ಹರಡಿದಾಗ ಲಕ್ಷಾಂತರ ಜನ ಊರುಬಿಟ್ಟರು. ಅವರಲ್ಲಿ ಹಲವು ವೈದ್ಯರೂ ಇದ್ದರು. ಮರುವರ್ಷ ನಗರಪಾಲಿಕೆಯ ಆಯುಕ್ತರಾಗಿ ಬಂದ ಎಸ್. ಆರ್. ರಾವ್ ಅವರ ಆಡಳಿತದಲ್ಲಿ ಕಸ ತೆಗೆಯುವ, ಚರಂಡಿ ತೊಳೆಯುವ ಕೆಲಸ ನಿಯತವಾಗಿ ನಡೆದು, ಅದೇ ಊರು ದೇಶದ ಸ್ವಚ್ಛ ನಗರಗಳಲ್ಲೊಂದೆಂದು ಹೆಸರಾಯಿತು. ಆದರೆ 2020ರ ಏಪ್ರಿಲ್‌ನಲ್ಲಿ, ಕೊರೋನಾ ದಿಗ್ಬಂಧನದ ನಡುವೆ, ಆ ನಗರದ ಪರಊರಿನ ಮಗ್ಗದಾಳುಗಳು ತಮ್ಮನ್ನು ಊರಿಗೆ ಕಳುಹಿಸಿರೆಂದು ಬೀದಿಗಿಳಿದರು. ನಗರ ಶುಚಿಯಾಗಿತ್ತು, ಅದನ್ನು ತಮ್ಮದೆನ್ನುವ ಭಾಗ್ಯ ಮಾತ್ರ ಅವರಿಗೆ ಬಂದಿರಲಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನಮ್ಮ ಶರಣರು ಕಾಯಕವನ್ನೂ ದಾಸೋಹವನ್ನೂ ಜೊತೆಯಾಗಿ ಹೇಳಿದುದರ ಮರ್ಮ ಇಲ್ಲಿ ಅರಿವಾಗುತ್ತದೆ. ದುಡಿಮೆಯೊಂದೇ ಬಾಳನ್ನು ತುಂಬದು. ದುಡಿದುದು ಇನ್ನೊಬ್ಬರಿಗೆ ಸಲ್ಲಬೇಕು. ದುಃಖವೇಕೆ ಎಂಬ ಪ್ರಶ್ನೆಗೆ ಚರಿತ್ರಕಾರನು ಉತ್ತರ ಹೇಳಲಾರ. ದುಃಖಿಯ ಪಕ್ಕದಲ್ಲಿ ಯಾರು ಕುಳಿತರು, ಯಾರು ಕದ ಮುಚ್ಚಿದರು ಎಂಬುದನ್ನು ಅವನು ಬರೆದಿಡಬಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರಿಂದಲೇ ತುಂಬಿದ ನಮ್ಮ ನಗರಗಳು ಆ ಬರೆಹವನ್ನು ಓದಿಕೊಳ್ಳಬೇಕಾಗಿದೆ.