ಬಿಸಿಲ ಕರಾವಳಿಯಲ್ಲಿ ವಿಟಮಿನ್ ‘ಡಿ’ ಕೊರತೆ: ಕೀಲುನೋವಿಗೆಲ್ಲ ಅದೇ ಕಾರಣವಲ್ಲ

ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲ್ಲೂಕುಗಳಿರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮಳೆಗಾಲ ಬಿಟ್ಟರೆ ಬಿಸಿಲಿಗೆ ಬರವಿಲ್ಲದ ಈ ಕರಾವಳಿಯಲ್ಲಿ, ಬಿಸಿಲಿನಿಂದಲೇ ದೇಹ ತಯಾರಿಸಿಕೊಳ್ಳುವ ವಿಟಮಿನ್ ‘ಡಿ’ಗೆ ಕೊರತೆ ಎಂದರೆ ನಂಬುವುದು ಕಷ್ಟ. ಆದರೆ ಹೆಚ್ಚುಕಡಿಮೆ ಇದೇ ಅಕ್ಷಾಂಶದ ತಿರುಪತಿ ಪರಿಸರದಲ್ಲಿ ವೈದ್ಯರು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಳ್ಳಿಯ ರೈತಾಪಿ ಜನರೂ ಸೇರಿದಂತೆ ಬಹಳಷ್ಟು ಮಂದಿಯಲ್ಲಿ ಈ ಕೊರತೆ ಕಂಡುಬಂದಿತ್ತು.

ಈ ಸಂಗತಿ ಜನರಿಗೆ ತಿಳಿದದ್ದು ಒಳ್ಳೆಯದೇ. ತೊಂದರೆ ಇರುವುದು ಅದರಿಂದ ಹುಟ್ಟಿದ ಅವಸರದ ತೀರ್ಮಾನದಲ್ಲಿ. ಕೈಕಾಲಿನ ಸಂದು ನೋಯುತ್ತದೆ, ರಕ್ತಪರೀಕ್ಷೆಯಲ್ಲಿ ‘ಡಿ’ ಕಡಿಮೆ ಬರುತ್ತದೆ, ಕಾರಣ ಸಿಕ್ಕಿತೆಂದು ಪುಡಿಯ ಪೊಟ್ಟಣ ನುಂಗುತ್ತ ತಿಂಗಳುಗಳು ಕಳೆಯುತ್ತವೆ. ನೋವು ರುಮಟಾಯ್ಡ್ ಸಂಧಿವಾತದ್ದಾಗಿದ್ದರೆ ಕಳೆದುಹೋದ ಆ ತಿಂಗಳುಗಳೇ ದುಬಾರಿ.

ಬಿಸಿಲಿದ್ದೂ ಕೊರತೆ ಏಕೆ?

ಸೂರ್ಯನ ಅತಿನೇರಳೆ ‘ಬಿ’ ಕಿರಣ ನೇರವಾಗಿ ಚರ್ಮಕ್ಕೆ ತಾಗಿದರೆ ಮಾತ್ರ ವಿಟಮಿನ್ ‘ಡಿ’ ಉತ್ಪತ್ತಿಯಾಗುತ್ತದೆ. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲು ಉಪಯೋಗಕ್ಕೆ ಬಾರದು. ಚರ್ಮ ಕಪ್ಪಾದಷ್ಟೂ ಹೆಚ್ಚು ಹೊತ್ತಿನ ಬಿಸಿಲು ಬೇಕು. ಅಂಗಡಿ, ಕಚೇರಿಗಳಲ್ಲಿ ಹಗಲು ಕಳೆಯುವವರು, ಮೈತುಂಬ ಬಟ್ಟೆ ತೊಡುವವರು, ಅಡಿಕೆ ತೋಟದ ದಟ್ಟ ನೆರಳಲ್ಲಿ ದುಡಿಯುವವರು ಬಿಸಿಲ ನಾಡಿನಲ್ಲಿದ್ದೂ ಬಿಸಿಲು ಕಾಣದವರೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಮುಚ್ಚಿರುತ್ತದೆ. ಬಂಗುಡೆ, ತಾರ್ಲೆಯಂತಹ ಎಣ್ಣೆಯಂಶದ ಮೀನುಗಳಲ್ಲಿ ಈ ವಿಟಮಿನ್ ಇದೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬಿಸಿಲು ಇಲ್ಲದ ಕಾಲದಲ್ಲೇ ಮೀನೂ ದುರ್ಲಭ. ಸಸ್ಯಾಹಾರಿಗಳಿಗೆ ಆ ಆಸರೆಯೂ ಇಲ್ಲ. ಮನೆಯಲ್ಲಿ ಕರೆದ ಹಾಲಿನಲ್ಲಿ ವಿಟಮಿನ್ ‘ಡಿ’ ಅತ್ಯಲ್ಪ.

ಎರಡು ನೋವು, ಎರಡು ಕಾಯಿಲೆ

ವಿಟಮಿನ್ ‘ಡಿ’ ತೀವ್ರವಾಗಿ ಕುಸಿದಾಗ ಮೂಳೆ ಮೆತ್ತಗಾಗುತ್ತದೆ. ಸೊಂಟ, ತೊಡೆ, ಬೆನ್ನಿನಲ್ಲಿ ಆಳವಾದ ನೋವು, ನೆಲದಿಂದ ಏಳಲು ಅಥವಾ ಮೆಟ್ಟಿಲು ಹತ್ತಲು ಬಲವಿಲ್ಲದಿರುವುದು ಇದರ ಲಕ್ಷಣ.

ರುಮಟಾಯ್ಡ್ ಸಂಧಿವಾತದ ಬಗೆ ಬೇರೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ಎರಗುವ ಕಾಯಿಲೆಯಿದು. ಪುರುಷರಿಗಿಂತ ಮಹಿಳೆಯರಲ್ಲಿ ಎರಡು–ಮೂರು ಪಟ್ಟು ಹೆಚ್ಚು. ಬೆರಳಿನ ಗೆಣ್ಣು, ಮಣಿಕಟ್ಟು, ಕಾಲ್ಬೆರಳ ಬುಡ ಸಾಮಾನ್ಯವಾಗಿ ಎರಡೂ ಬದಿಯಲ್ಲಿ ಊದಿಕೊಳ್ಳುತ್ತವೆ. ಬೆಳಿಗ್ಗೆ ಎದ್ದಾಗ ಕೈ ಮಡಚಲಾಗದ ಬಿಗಿತ ಅರ್ಧ ಗಂಟೆಗೂ ಮೀರಿ ಉಳಿಯುತ್ತದೆ. ಬಳೆ ಏರುವುದಿಲ್ಲ, ಕಾಯಿ ತುರಿಯಲಾಗುವುದಿಲ್ಲ ಎಂಬ ದೂರನ್ನು ವಯಸ್ಸಿನ ಮೇಲೆ ಹೊರಿಸಿ ಸುಮ್ಮನಾಗುವುದು ನಮ್ಮ ಮನೆಗಳಲ್ಲಿ ಹೊಸತೇನಲ್ಲ. 2006ರಲ್ಲಿ ರಾಜ್ಯದಲ್ಲಿ ಹಬ್ಬಿದ ಚಿಕೂನ್‌ಗುನ್ಯ ಕೂಡ ಇಂತಹುದೇ ಕೀಲುನೋವು ಉಳಿಸಿಹೋಗುತ್ತದೆಂಬುದು ಗೊಂದಲವನ್ನು ಇನ್ನಷ್ಟು ಹೆಚ್ಚಿಸಿದೆ.

ಈ ಸಂಧಿವಾತವುಳ್ಳವರಲ್ಲಿ ವಿಟಮಿನ್ ‘ಡಿ’ ಕಡಿಮೆಯಿರುವುದು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಅದು ಕಾರಣವೋ, ನೋವಿನಿಂದ ಮನೆಯೊಳಗೇ ಉಳಿದುದರ ಪರಿಣಾಮವೋ ಎಂಬುದು ಇತ್ಯರ್ಥವಾಗಿಲ್ಲ. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ‘ವೈಟಲ್’ ಪ್ರಯೋಗದಲ್ಲಿ, ದಿನಕ್ಕೆ 2,000 ಯೂನಿಟ್ ಸೇವಿಸಿದವರಲ್ಲಿ ಇಂತಹ ಸ್ವಯಂನಿರೋಧಕ ಕಾಯಿಲೆಗಳು ಒಟ್ಟಾರೆ ಶೇ 22ರಷ್ಟು ಕಡಿಮೆಯಾದವು. ರುಮಟಾಯ್ಡ್ ಸಂಧಿವಾತವೊಂದರ ಬಗ್ಗೆ ತೀರ್ಪು ಕೊಡುವಷ್ಟು ಪ್ರಕರಣಗಳು ಅಲ್ಲಿರಲಿಲ್ಲ. ಅದೂ ತಡೆಗಟ್ಟುವ ಮಾತು. ಬಂದ ಕಾಯಿಲೆಯನ್ನು ಅದು ಗುಣಪಡಿಸಿತೆಂದು ಯಾರೂ ಹೇಳಿಲ್ಲ.

ಚಿಕಿತ್ಸೆ

ಊತ ಆರು ವಾರ ಮೀರಿದರೆ ಇಎಸ್‌ಆರ್, ಸಿಆರ್‌ಪಿ, ರುಮಟಾಯ್ಡ್ ಫ್ಯಾಕ್ಟರ್, ಆ್ಯಂಟಿ ಸಿಸಿಪಿ ಪರೀಕ್ಷೆಗಳ ಬಗ್ಗೆ ವೈದ್ಯರನ್ನು ಕೇಳಬೇಕು. ಫ್ಯಾಕ್ಟರ್ ಇಲ್ಲವೆಂದು ಬಂದರೂ ಕಾಯಿಲೆ ಇರಬಹುದು. ಮೊದಲ ಕೆಲವು ತಿಂಗಳಲ್ಲೇ ಮೆಥೊಟ್ರೆಕ್ಸೇಟ್‌ನಂತಹ ಔಷಧ ಆರಂಭವಾದರೆ ಕೀಲು ಸವೆದು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಪ್ಪಿಸಬಹುದು. ನೋವಿನ ಮಾತ್ರೆ ಈ ಕೆಲಸ ಮಾಡದು, ವಿಟಮಿನ್ ‘ಡಿ’ಯೂ ಮಾಡದು. ಕೊರತೆಯಿದ್ದರೆ ಅದನ್ನು ಜತೆಯಲ್ಲೇ ಸರಿಪಡಿಸಬೇಕು, ವಿಶೇಷವಾಗಿ ಮೂಳೆ ತೆಳುವಾಗಿಸುವ ಸ್ಟೀರಾಯ್ಡ್ ಸೇವಿಸುತ್ತಿರುವವರಲ್ಲಿ.

ಪ್ರಮಾಣದ ವಿಷಯದಲ್ಲಿ ಎಚ್ಚರ ಅಗತ್ಯ. 60,000 ಯೂನಿಟ್‌ನ ಪೊಟ್ಟಣ ಸಾಮಾನ್ಯವಾಗಿ ವಾರಕ್ಕೊಂದು, ಅದೂ ಕೆಲವು ವಾರ ಮಾತ್ರ. ನಿತ್ಯ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಅಪಾಯ. ಮೆಥೊಟ್ರೆಕ್ಸೇಟ್ ಸಹ ವಾರಕ್ಕೊಮ್ಮೆಯ ಔಷಧ. ತಪ್ಪಿ ದಿನವೂ ಸೇವಿಸಿದರೆ ಪ್ರಾಣಕ್ಕೇ ಕುತ್ತು. ಗರ್ಭಿಣಿಯರು ಇದನ್ನು ಸೇವಿಸಲೇಬಾರದು.

ಈ ಭಾಗದವರು ದೊಡ್ಡ ಕಾಯಿಲೆಗೆ ಮಣಿಪಾಲ, ಮಂಗಳೂರಿನ ದಾರಿ ಹಿಡಿಯುವುದು ಹಳೆಯ ಮಾತು. ಭಟ್ಕಳದಿಂದ ಮಣಿಪಾಲ ಸುಮಾರು 90 ಕಿ.ಮೀ., ಕುಮಟಾದಿಂದ 150 ಕಿ.ಮೀ. ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ 2022ರ ಜುಲೈನಲ್ಲಿ ಶಿರೂರು ಟೋಲ್‌ನಲ್ಲಿ ಅಪಘಾತಕ್ಕೀಡಾದ ಬಳಿಕ, ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಮತ್ತೆ ಜೋರಾಗಿತ್ತು. ಸಂಧಿವಾತಕ್ಕೆ ಅಂಥ ತುರ್ತು ಓಟ ಬೇಕಿಲ್ಲ. ತಜ್ಞರು ಒಮ್ಮೆ ಔಷಧ ನಿಗದಿಪಡಿಸಿದರೆ, ಯಕೃತ್ತು ಮತ್ತು ರಕ್ತಕಣಗಳ ನಿಯಮಿತ ಪರೀಕ್ಷೆಯನ್ನು ಊರಿನಲ್ಲೇ ಮಾಡಿಸಿ, ಕೆಲವು ತಿಂಗಳಿಗೊಮ್ಮೆ ವರದಿಯೊಡನೆ ಹೋಗಿಬಂದರೆ ಸಾಕಾಗುತ್ತದೆ.